ಅಪ್‌ಡೇಟ್ ಬಿಟ್ಟರೆ ಕಂಪ್ಯೂಟರ್ ನಿಧಾನವಾಗುತ್ತದೆಯೇ?

ಲ್ಯಾಬಿನಲ್ಲಿ ಟ್ಯಾಲಿ ತೆರೆಯಲು ತಡವಾದರೆ "ಅಪ್‌ಡೇಟ್ ಮಾಡಿಲ್ಲ, ಅದಕ್ಕೇ" ಎಂದು ನಮ್ಮಲ್ಲಿ ಕೆಲವರು, "ಅಪ್‌ಡೇಟ್ ಮಾಡಿದ್ದಕ್ಕೇ" ಎಂದು ಇನ್ನು ಕೆಲವರು ಹೇಳುತ್ತಾರೆ.

ಅಪ್‌ಡೇಟ್ ಬಿಟ್ಟ ಮಾತ್ರಕ್ಕೆ ವೇಗ ಕಡಿಮೆಯಾಗುವುದಿಲ್ಲ. ಡಿಸ್ಕ್ ತುಂಬಿರುವುದು, ರ್‍ಯಾಮ್ ಸಾಲದಿರುವುದು, ಆನ್ ಮಾಡಿದ ಕೂಡಲೇ ಹಲವು ಪ್ರೋಗ್ರಾಂಗಳು ತಾವಾಗಿಯೇ ಶುರುವಾಗುವುದು ಸಾಮಾನ್ಯ ಕಾರಣಗಳು. ಅಪ್‌ಡೇಟ್ ಇಳಿಯುವಾಗ ಕಂಪ್ಯೂಟರ್ ಸ್ವಲ್ಪ ಹೊತ್ತು ನಿಧಾನವಾಗುವುದೂ ಉಂಟು. ಮುಗಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಾಗಾದರೆ ಬಿಟ್ಟರೆ ನಷ್ಟವೇನು? ಅಪ್‌ಡೇಟಿನ ದೊಡ್ಡ ಕೆಲಸ ವೇಗ ಕೊಡುವುದಲ್ಲ, ಕಳ್ಳರು ನುಗ್ಗುವ ಕಿಂಡಿ ಮುಚ್ಚುವುದು. ವಿಂಡೋಸ್‌ನ ಅಂಥ ಒಂದು ಕಿಂಡಿ ಮುಚ್ಚಲು ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ಅಪ್‌ಡೇಟ್ ಕೊಟ್ಟಿತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರುಗಳಿಗೆ ಮೇ 12ರಂದು ವಾನ್ನಾಕ್ರೈ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು.

ಅಂಗಡಿಯೊಂದರ ವರ್ಷದ ಲೆಕ್ಕಕ್ಕೆ ಹೀಗೆ ಬೀಗ ಬಿದ್ದರೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ಹೇಗೆ? ಕಾಮರ್ಸ್ ವಿದ್ಯಾರ್ಥಿಯಾದ ನನಗೆ ವೇಗಕ್ಕಿಂತ ಇದೇ ದೊಡ್ಡ ಪ್ರಶ್ನೆ. ಆದ್ದರಿಂದ ಡೇಟಾವನ್ನು ಪೆನ್‌ಡ್ರೈವ್‌ಗೆ ಬ್ಯಾಕಪ್ ಮಾಡಿ, ಅದನ್ನು ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಅಪ್‌ಡೇಟ್ ಹಾಕಿ. ಮುಂದೂಡುವುದಾದರೆ ಸಂಜೆಯವರೆಗೆ ಮುಂದೂಡಿ, ತಿಂಗಳುಗಟ್ಟಲೆ ಬೇಡ.