ಹಳೆಯ ಕಂಪ್ಯೂಟರಿಗೆ ಹೊಸ ವ್ಯವಸ್ಥೆ

ಮನೆಯಲ್ಲಿ ಕಂಪ್ಯೂಟರನ್ನಿಟ್ಟುಕೊಂಡಿರುವ ಗೃಹಸ್ಥರಲ್ಲಿ ಅನೇಕರಿಗೆ ೨೦೨೫ನೆಯ ಇಸವಿಯ ಅಕ್ಟೋಬರ್ ೧೪ನೆಯ ತಾರೀಖು ಒಂದು ಸಂದಿಗ್ಧವನ್ನು ತಂದೊಡ್ಡಿತು. ೨೦೧೫ರ ಜುಲೈ ತಿಂಗಳಲ್ಲಿ ಹೊರಬಂದು, ಹತ್ತು ವರ್ಷಗಳ ಕಾಲ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ನಡೆದುಬಂದ ವಿಂಡೋಸ್ ೧೦ ಎಂಬ ಆಪರೇಟಿಂಗ್ ಸಿಸ್ಟಮಿಗೆ ಮೈಕ್ರೋಸಾಫ್ಟ್ ಸಂಸ್ಥೆಯವರು ಅಂದು ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿದರು. ಅದರಿಂದ ಯಂತ್ರವೇನೂ ನಿಂತುಹೋಗಲಿಲ್ಲ, ಮೊದಲಿನಂತೆಯೇ ಓಡಿತು. ಆದರೆ ಕಳ್ಳರು ಹೊಸದಾಗಿ ಕಂಡುಕೊಳ್ಳುವ ಸಂದುಗಳನ್ನು ಆಗಾಗ್ಗೆ ಮುಚ್ಚುತ್ತಿದ್ದ ಕೈ ಹಿಂದೆ ಸರಿಯಿತು. ಬ್ಯಾಂಕಿನ ವ್ಯವಹಾರವನ್ನೂ ಪಿಂಚಣಿಯ ಲೆಕ್ಕವನ್ನೂ ಅದೇ ಯಂತ್ರದಲ್ಲಿ ನೋಡಿಕೊಳ್ಳತಕ್ಕವರಿಗೆ ಇದು ಉಪೇಕ್ಷಿಸತಕ್ಕ ವಿಷಯವಲ್ಲ. ನೋಂದಾಯಿಸಿಕೊಂಡವರಿಗೆ ಮತ್ತೊಂದು ವರ್ಷದ ಅವಧಿಯನ್ನು ಕೊಟ್ಟರೆಂಬುದೇನೋ ದಿಟ. ಅದರಿಂದ ಗಡುವು ಮುಂದೆ ಹೋಯಿತೇ ಹೊರತು ಪ್ರಶ್ನೆ ಬಗೆಹರಿಯಲಿಲ್ಲ.

ಹಾಗಾದರೆ ೨೦೨೧ರಲ್ಲಿ ಬಂದ ವಿಂಡೋಸ್ ೧೧ನ್ನೇ ಹಾಕಿಕೊಳ್ಳಬಾರದೇಕೆ ಎಂದರೆ, ಅದು ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ಟಿಪಿಎಂ ೨.೦ ಎಂಬ ರಕ್ಷಣಾಸಾಧನವಿರಬೇಕು. ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಆ ಎಂಟನೆಯ ತಲೆಮಾರು ಪೇಟೆಗೆ ಬಂದುದೇ ೨೦೧೭ರಲ್ಲಿ. ನಮ್ಮ ಯಂತ್ರ ೨೦೧೪ರಲ್ಲಿ ಕೊಂಡದ್ದು. ರಿಪೇರಿ ಅಂಗಡಿಯ ಹುಡುಗನು ಅದನ್ನು ನೋಡಿ, “ಮೇಷ್ಟ್ರೇ, ಇದರ ಕಥೆ ಮುಗೀತು, ಗುಜರಿಗೆ ಹಾಕಿ ಹೊಸದು ತಗೊಳ್ಳಿ” ಎಂದನು. ಕೀಲಿಮಣೆಯ ಅಕ್ಷರಗಳು ಕೂಡ ಇನ್ನೂ ಸವೆಯದ ಯಂತ್ರವನ್ನು ಗುಜರಿಗೆ ಹಾಕುವುದು ನಮ್ಮ ಮನಸ್ಸಿಗೆ ಬರಲಿಲ್ಲ. ನಮ್ಮಲ್ಲಿ ಹಿಂದೆ ಓದಿದ ಶಿಷ್ಯರೊಬ್ಬರು, ದೇಹವು ಗಟ್ಟಿಯಾಗಿಯೇ ಇರುವುದರಿಂದ ಅದರೊಳಕ್ಕೆ ಬೇರೊಂದು ಜೀವವನ್ನು ಹೊಗಿಸಿದರೆ ಸಾಕೆಂದು ಸೂಚಿಸಿದರು. ಪರಕಾಯಪ್ರವೇಶದ ಕಥೆಗಳನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿರುವ ನಮಗೆ ಈ ಮಾತು ರುಚಿಸಿತು.

ಆಪರೇಟಿಂಗ್ ಸಿಸ್ಟಮೆಂದರೆ ಯಂತ್ರದ ಅಂಗಾಂಗಗಳಿಗೂ ನಾವು ಬಳಸುವ ಬರಹದ, ಲೆಕ್ಕದ, ಚಿತ್ರದ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಯಿಸುವ ಯಜಮಾನನೆನ್ನಬಹುದು. ವಿಂಡೋಸೊಂದೇ ಅಂಥ ಯಜಮಾನನಲ್ಲ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಇತರರಿಗೆ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವೆವೆಂದು ಸಾರಿ ಗ್ನೂ ಎಂಬ ಉದ್ಯಮಕ್ಕೆ ಕೈಹಾಕಿದರು. ೧೯೯೧ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯು ಅದಕ್ಕೆ ಒದಗತಕ್ಕ ತಿರುಳನ್ನು ಬರೆದನು. ಅದೇ ಲಿನಕ್ಸ್. ಅದರ ಸುತ್ತ ಬೆಳೆದ ಶಾಖೆಗಳು ಅನೇಕ. ೨೦೦೪ರಲ್ಲಿ ಬಂದ ಉಬುಂಟು ಒಂದು. ಅದರಿಂದ ೨೦೦೬ರಲ್ಲಿ ಕವಲೊಡೆದ ಲಿನಕ್ಸ್ ಮಿಂಟ್ ಇನ್ನೊಂದು. ನಾವು ಆರಿಸಿಕೊಂಡುದು ಮಿಂಟನ್ನು. ಮಿಂಟ್ ಎಂದರೆ ಪುದೀನ. ಅದರ ಮುಖಪುಟದ ರೂಪಕ್ಕೆ ಸಿನಮನ್, ಎಂದರೆ ಚಕ್ಕೆ, ಎಂದು ಹೆಸರು. ಅಡಿಗೆಮನೆಯವರು ಇದನ್ನು ಕೇಳಿ ನಕ್ಕರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಎರಡು ಜಿಬಿ ನೆನಪಿನ ಶಕ್ತಿಯಿದ್ದರೆ ಓಡುವುದು, ನಾಲ್ಕಿದ್ದರೆ ಹಾಯಾಗಿ ಓಡುವುದು.

ಇದರಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಹಳೆಯದನ್ನು ಅಳಿಸದೆಯೇ ಹೊಸದನ್ನು ಪರೀಕ್ಷಿಸಬಹುದೆಂಬುದು. ವ್ಯವಸ್ಥೆಯನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿ ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆ ಎಲ್ಲವೂ ನಡೆಯುವುದು. ಪೆನ್‌ಡ್ರೈವನ್ನು ಕಿತ್ತು ಮತ್ತೆ ಎಬ್ಬಿಸಿದರೆ ವಿಂಡೋಸ್ ಯಥಾಸ್ಥಿತಿಯಲ್ಲಿರುವುದು. ವೈಫೈ ಹಿಡಿಯುವುದೇ, ಪ್ರಿಂಟರ್ ಅಚ್ಚುಹಾಕುವುದೇ, ಧ್ವನಿ ಬರುವುದೇ ಎಂಬುದನ್ನೆಲ್ಲ ನಾವು ಒಂದು ವಾರ ಹೀಗೆಯೇ ನೋಡಿದೆವು. ನಿಶ್ಚಯವಾಗಿ ಸ್ಥಾಪಿಸುವ ದಿನ ಮಾತ್ರ, ಇರುವ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಎರಡು ಪ್ರತಿ ಮಾಡಿಟ್ಟುಕೊಂಡೇ ಮುಂದುವರಿಯತಕ್ಕದ್ದು. ಡಿಸ್ಕನ್ನು ಪೂರ್ತಿ ಬಿಟ್ಟುಕೊಟ್ಟರೆ ಅದರಲ್ಲಿದ್ದುದು ಅಳಿದುಹೋಗುವುದು.

ಕೆಲವು ಭೇದಗಳಿಗೆ ಮನಸ್ಸು ಒಗ್ಗಬೇಕು. ವಿಂಡೋಸಿನಲ್ಲಿ ಸಿ, ಡಿ ಎಂದು ಬೇರೆಬೇರೆ ಕೋಣೆಗಳಿದ್ದುವಷ್ಟೆ. ಇಲ್ಲಿ ಎಲ್ಲವೂ ಒಂದೇ ಮರ. ಬೇರು ಮೇಲೆ, ಕೊಂಬೆಗಳು ಕೆಳಗೆ. ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥವನ್ನು ಬಲ್ಲವರಿಗೆ ಇದನ್ನು ತಿಳಿಸಿಹೇಳಬೇಕಾಗಿಲ್ಲ. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವೂ ಚಿಕ್ಕಕ್ಷರವೂ ಬೇರೆಬೇರೆಯೆಂದೇ ಎಣಿಕೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದೇ ಎಂದು ಬರೆದ ಹುಡುಗರಿಗೆ ಅಂಕ ಕಳೆಯುತ್ತಿದ್ದ ನಮಗೆ ಈ ಕಟ್ಟುನಿಟ್ಟು ನ್ಯಾಯವಾಗಿಯೇ ಕಂಡಿತು. ಅರುವತ್ತರ ಮೇಲೆ ಇದನ್ನೆಲ್ಲ ಕಲಿಯಲಾದೀತೇ ಎಂದು ಸಮವಯಸ್ಕರು ಕೇಳುತ್ತಾರೆ. ಕಲಿಯುವುದು ಕಷ್ಟವಲ್ಲ, ಬೆರಳಿಗೆ ಹತ್ತಿದ ಹಳೆಯ ಅಭ್ಯಾಸವು ಬಿಡುವುದೇ ಕಷ್ಟ. ಅದಕ್ಕೆ ನಮಗೆ ಹಿಡಿದುದು ಸುಮಾರು ಮೂರು ವಾರ.

ಕನ್ನಡಿಗರಿಗೆ ನಿಜವಾದ ಆತಂಕ ಬೇರೆಯೇ ಇದೆ. ನುಡಿ, ಬರಹ ಎಂಬ ತಂತ್ರಾಂಶಗಳು ವಿಂಡೋಸಿಗಾಗಿ ರಚಿತವಾದುವು. ಅವು ಹೋದರೆ ಕನ್ನಡ ಟೈಪು ಮಾಡುವುದೆಂತು? ಇದಕ್ಕೆ ಸಮಾಧಾನವು ನಾವೆಣಿಸಿದ್ದಕ್ಕಿಂತ ಸುಲಭವಾಗಿತ್ತು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯು ಲಿನಕ್ಸಿನೊಳಗೇ ಇದೆ. ಸೆಟ್ಟಿಂಗಿನಲ್ಲಿ ಕನ್ನಡವನ್ನು ಆರಿಸಿ ಸೇರಿಸಿಕೊಂಡರಾಯಿತು. ಕೆ ಒತ್ತಿದರೆ ಕಕಾರ, ದೊಡ್ಡ ಕೆ ಒತ್ತಿದರೆ ಖಕಾರ, ಒತ್ತಕ್ಷರಕ್ಕೆ ನಡುವೆ ಎಫ್; ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸ ಪಾಠವೇ ಇಲ್ಲ.

ಆದರೆ ಹಳೆಯ ಬರಹಗಳ ಪಾಡೇನು? ನಮ್ಮ ಯಂತ್ರದಲ್ಲಿ ಅಮರಕೋಶದ ಪಾಠಕ್ಕೆಂದು ಇಪ್ಪತ್ತು ವರ್ಷ ಕೂಡಿಹಾಕಿದ ಟಿಪ್ಪಣಿಗಳಿದ್ದುವು. ತೀರಿಕೊಂಡ ನಮ್ಮ ಅಣ್ಣನವರು ಮನೆಗೆ ಬರೆಯುತ್ತಿದ್ದ ಕಾಗದಗಳನ್ನು ನೋಡಿ ನಾವೇ ಟೈಪು ಮಾಡಿದ ಪ್ರತಿಗಳಿದ್ದುವು. ಮೂಲದ ಕಾಗದಗಳಲ್ಲಿ ಹೆಚ್ಚಿನವನ್ನು ಗೆದ್ದಲು ತಿಂದಿದೆ. ೨೦೧೦ರಿಂದ ನಡೆದುಬಂದಿರುವ ಲಿಬ್ರೆ ಆಫೀಸ್ ಎಂಬ ತಂತ್ರಾಂಶದಲ್ಲಿ ಅವನ್ನು ತೆರೆದಾಗ ಪುಟದ ತುಂಬ ತಲೆಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ಯುರೋಪಿನ ಅಕ್ಷರಗಳು! ಕನ್ನಡದ ಒಂದು ಗುಣಿತವೂ ಇಲ್ಲ.

ಇದು ಲಿನಕ್ಸಿನ ದೋಷವಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡಿಸಲಾಗಿತ್ತು. ಫೈಲಿಗೆ ಕನ್ನಡವು ಎಂದೂ ಗೊತ್ತಿರಲಿಲ್ಲ. ಗೊತ್ತಿದ್ದುದು ಫಾಂಟಿಗೆ ಮಾತ್ರ. ಫಾಂಟಿಲ್ಲದಿದ್ದರೆ ವಿಂಡೋಸಿನಲ್ಲಿಯೂ ಇದೇ ಗತಿ. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಆದ ೧೨೮ ಸ್ಥಾನಗಳ ಅಂಕಣವಿದೆ. ಅದರಲ್ಲಿ ಬರೆದುದು ಯಾವ ವ್ಯವಸ್ಥೆಗೆ ಹೋದರೂ ಕನ್ನಡವಾಗಿಯೇ ಇರುವುದು. ಆದುದರಿಂದ ತಾತ್ಕಾಲಿಕ ಉಪಾಯವೆಂದರೆ ಹಳೆಯ ಫಾಂಟಿನ ಫೈಲುಗಳನ್ನು ಲಿನಕ್ಸಿನ ಫಾಂಟುಗಳ ಫೋಲ್ಡರಿಗೆ ಹಾಕಿಕೊಳ್ಳುವುದು. ಬರಹವು ಒಡನೆಯೇ ಮೊದಲಿನಂತೆ ಕಾಣಿಸುವುದು. ಶಾಶ್ವತವಾದ ಉಪಾಯವೆಂದರೆ ಪರಿವರ್ತಕಗಳ ಮೂಲಕ ಅವನ್ನು ಯೂನಿಕೋಡಿಗೆ ತರುವುದು. ಇಂಥ ಪರಿವರ್ತಕಗಳು ಬಿಟ್ಟಿಯಾಗಿಯೇ ದೊರೆಯುತ್ತವೆ.

ಪರಿವರ್ತನೆಯಾದುದನ್ನು ಕಣ್ಣಿಟ್ಟು ಓದಬೇಕು. ವಿಶೇಷವಾಗಿ ಅರ್ಕಾವೊತ್ತಿನ ಕಡೆಗೆ ಲಕ್ಷ್ಯವಿರಲಿ. ಸೂರ್ಯ ಎಂಬಲ್ಲಿ ನಾವು ಕೈಯಿಂದ ಬರೆಯುವಾಗ ಯಕಾರವನ್ನು ಮೊದಲು ಬರೆದು ಅರ್ಕಾವೊತ್ತನ್ನು ಆಮೇಲೆ ಹಾಕುತ್ತೇವಲ್ಲವೆ? ಹಳೆಯ ಫಾಂಟುಗಳ ಕ್ರಮವೂ ಅದೇ. ಯೂನಿಕೋಡಿನಲ್ಲಾದರೋ ಉಚ್ಚಾರದ ಕ್ರಮ. ರೇಫ ಮೊದಲು, ಯಕಾರ ಆಮೇಲೆ. ಶಿಕ್ಷಾಶಾಸ್ತ್ರವನ್ನೋದಿದವರು ಒಪ್ಪತಕ್ಕ ಕ್ರಮವೆಂದು ನಮಗನ್ನಿಸಿತು. ಪರಿವರ್ತಕವು ಆ ಒತ್ತನ್ನು ಹಿಂದಿನಿಂದ ಮುಂದಕ್ಕೆ ಎತ್ತಿಡಬೇಕಾಗುವುದರಿಂದ, ಸಂಸ್ಕೃತಪದಗಳು ದಟ್ಟವಾಗಿರುವೆಡೆ ಆಗೊಮ್ಮೆ ಈಗೊಮ್ಮೆ ಎಡವುತ್ತದೆ.

ಎಲ್ಲರೂ ಹೀಗೆ ಬದಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕವಿಡುವವರು ವಿಂಡೋಸನ್ನು ಬಿಡದಿರುವುದೇ ಲೇಸು. ಅದು ವಿಂಡೋಸಿಗಾಗಿಯೇ ಇರತಕ್ಕದ್ದು. ಅಂಥವರು ಒಂದೇ ಡಿಸ್ಕಿನಲ್ಲಿ ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಂಡು, ಯಂತ್ರವನ್ನೆಬ್ಬಿಸುವಾಗ ಬೇಕಾದುದನ್ನು ಆರಿಸಿಕೊಳ್ಳಬಹುದು. ಪರದೆಯ ಮಾತುಗಳನ್ನು ಕನ್ನಡದಲ್ಲಿ ಮಾಡಿಕೊಳ್ಳುವ ಸೌಕರ್ಯವೂ ಉಂಟು. ಸ್ವಯಂಸೇವಕರು ಮಾಡಿದ ಆ ಅನುವಾದ ಪೂರ್ತಿಯಾಗಿಲ್ಲವಾಗಿ ನಡುನಡುವೆ ಇಂಗ್ಲಿಷು ತಲೆಹಾಕುತ್ತದೆ.

ಟಿಪ್ಪಣಿಗಳೆಲ್ಲವೂ ಈಗ ಯೂನಿಕೋಡಿಗೆ ಬಂದಿವೆ. ಅಣ್ಣನವರ ಕಾಗದಗಳಲ್ಲಿ ಇನ್ನು ಹದಿನಾಲ್ಕು ಉಳಿದಿವೆ. ಸಂಜೆ ದೀಪ ಹಚ್ಚಿದ ಮೇಲೆ, ದಿನಕ್ಕೆ ಎರಡರಂತೆ, ಮನೆಯವರು ಗಟ್ಟಿಯಾಗಿ ಓದುತ್ತಾರೆ, ನಾವು ತಿದ್ದುತ್ತೇವೆ.