ಕೇಳಿದ್ದಕ್ಕಷ್ಟೇ ಉತ್ತರಿಸುವ ಗುರುತು

ಗುರುತಿನ ಚೀಟಿ ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಒಂದೇ ಒಂದು ಉತ್ತರ. ಬಂದವರು ತಾವು ಹೇಳಿದ ಹೆಸರಿನವರೇ ಹೌದೇ ಎಂಬುದು ಲಾಡ್ಜಿನವರಿಗೆ ತಿಳಿದರೆ ಸಾಕು. ರಿಯಾಯಿತಿ ಟಿಕೆಟ್ ಕೊಡುವ ಬಸ್ ಕಂಡಕ್ಟರಿಗೆ ಪ್ರಯಾಣಿಕರ ವಯಸ್ಸು ಅರವತ್ತು ದಾಟಿದೆಯೇ ಎಂದು ಗೊತ್ತಾದರೆ ಸಾಕು. ಆದರೆ ಕೊಡುವ ಝೆರಾಕ್ಸ್ ಪ್ರತಿಯಲ್ಲಿ ಹೆಸರು, ಹುಟ್ಟಿದ ತಾರೀಖು, ಮನೆ ವಿಳಾಸ, ಫೋಟೋ, ಸಂಖ್ಯೆ ಎಲ್ಲವೂ ಇರುತ್ತವೆ. ಆ ಹಾಳೆ ಮುಂದೆ ಯಾರ ಕೈ ಸೇರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಡಿಜಿಟಲ್ ಗುರುತನ್ನು ಚೆನ್ನಾಗಿ ಕಟ್ಟುವುದೆಂದರೆ ಕೇಳಿದ ಪ್ರಶ್ನೆಗೆ ನಂಬುವಂಥ ಉತ್ತರ ಸಿಗುವಂತೆ ಮಾಡುವುದು, ಕೇಳದೇ ಇದ್ದದ್ದು ಆಚೆ ಹೋಗದಂತೆ ತಡೆಯುವುದು.

ಇಂಥ ವ್ಯವಸ್ಥೆಗೆ ಮೂರು ಕೆಲಸಗಳಿವೆ. ಮೊದಲನೆಯದು ನೋಂದಣಿ, ಅಂದರೆ ಒಬ್ಬರಿಗೆ ಒಂದೇ ಗುರುತು ಸಿಗುವಂತೆ ನೋಡಿಕೊಳ್ಳುವುದು. ಎರಡನೆಯದು ದೃಢೀಕರಣ: ಎದುರಿಗಿರುವವರು ನೋಂದಾಯಿಸಿಕೊಂಡವರೇ ಎಂದು ಪರೀಕ್ಷಿಸುವುದು. ಮೂರನೆಯದು ವಿವರಗಳ ಹಂಚಿಕೆ. ಮೊದಲೆರಡರ ಬಗ್ಗೆ ತಂತ್ರಜ್ಞರು ಸಾಕಷ್ಟು ತಲೆಕೆಡಿಸಿಕೊಂಡಿದ್ದಾರೆ. ಖಾಸಗಿತನ ಹೆಚ್ಚಾಗಿ ಸೋರುವುದು ಮೂರನೆಯದರಲ್ಲಿ.

ಭಾರತದಲ್ಲಿ ಈ ಪ್ರಯೋಗ ಆಧಾರ್ ಹೆಸರಿನಲ್ಲಿ ನಡೆಯಿತು. ವಿಶಿಷ್ಟ ಗುರುತು ಪ್ರಾಧಿಕಾರ 2009ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. ಮೊದಲ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ನೀಡಲಾಯಿತು. ಆರಂಭದಲ್ಲೇ ಮಾಡಿದ ಒಂದು ಒಳ್ಳೆಯ ಆಯ್ಕೆ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ತಪ್ಪು ಹಿಡಿಯಲು ಇರುವ ಅಂಕಿ. ಉಳಿದವಕ್ಕೆ ಯಾವ ಅರ್ಥವೂ ಇಲ್ಲ. ಸಂಖ್ಯೆ ನೋಡಿ ಊರು, ವಯಸ್ಸು, ಲಿಂಗ, ಜಾತಿ ಯಾವುದನ್ನೂ ಹೇಳಲಾಗದು. ಡಿಜಿಟಲ್ ಆಡಳಿತಕ್ಕೆ ಹೆಸರಾದ ಎಸ್ಟೋನಿಯಾದಲ್ಲಿ ಹಾಗಲ್ಲ. ಅಲ್ಲಿನ 11 ಅಂಕಿಗಳ ಸಂಖ್ಯೆಯಲ್ಲೇ ವ್ಯಕ್ತಿಯ ಲಿಂಗವೂ ಹುಟ್ಟಿದ ದಿನವೂ ಅಡಕವಾಗಿವೆ.

ಇನ್ನೊಂದು ಒಳ್ಳೆಯ ಆಯ್ಕೆ ದೃಢೀಕರಣದ ರೀತಿ. ಸಂಸ್ಥೆಯೊಂದು ಸಂಖ್ಯೆಯನ್ನೂ ಬೆರಳಚ್ಚನ್ನೂ ಕಳಿಸಿದರೆ ಮೂಲ ದೃಢೀಕರಣದಲ್ಲಿ ಬರುವ ಉತ್ತರ ‘ಹೌದು’ ಅಥವಾ ‘ಇಲ್ಲ’ ಮಾತ್ರ. ಯಾವ ಉದ್ದೇಶಕ್ಕೆ ದೃಢೀಕರಣ ನಡೆಯಿತು ಎಂಬುದನ್ನು ಪ್ರಾಧಿಕಾರ ಸಂಗ್ರಹಿಸಬಾರದು ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ.

ಆದರೂ ಒಂದೇ ಸಂಖ್ಯೆ ಬ್ಯಾಂಕು, ಸಿಮ್, ಶಾಲೆ, ಆಸ್ಪತ್ರೆ ಎಲ್ಲೆಡೆ ಬರೆದಿಟ್ಟರೆ ಅದು ಮಣಿಗಳನ್ನು ಪೋಣಿಸುವ ದಾರದಂತಾಗುತ್ತದೆ. ಬೇರೆ ಬೇರೆ ಕಡೆ ಬಿದ್ದಿರುವ ತುಣುಕುಗಳನ್ನು ಒಟ್ಟುಗೂಡಿಸಿ ವ್ಯಕ್ತಿಯ ಇಡೀ ಬದುಕನ್ನು ಓದಬಹುದು. ಇದರ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಐವರ ಪೀಠ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ ಬ್ಯಾಂಕ್ ಖಾತೆ, ಸಿಮ್‌ಗಳಿಗೆ ಅದನ್ನು ಕಡ್ಡಾಯ ಮಾಡುವುದನ್ನು ತಡೆಯಿತು. ದೃಢೀಕರಣದ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳುವ ನಿಯಮವನ್ನು ತೆಗೆದು ಆರು ತಿಂಗಳ ಮಿತಿ ಹಾಕಿತು. ಒಬ್ಬ ಹಿರಿಯ ನಾಗರಿಕರ ಅರ್ಜಿ ಇಡೀ ದೇಶದ ಖಾಸಗಿತನಕ್ಕೆ ಸಂವಿಧಾನದ ಬೆಂಬಲ ತಂದುಕೊಟ್ಟದ್ದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಮೊಕದ್ದಮೆ ನಡೆಯುತ್ತಿರುವಾಗಲೇ, 2018ರಲ್ಲಿ, ತಾಂತ್ರಿಕ ರಕ್ಷಣೆಗಳೂ ಬಂದವು. ವರ್ಚುವಲ್ ಐಡಿ 16 ಅಂಕಿಗಳ ತಾತ್ಕಾಲಿಕ ಸಂಖ್ಯೆ. ಬೇಕಾದಾಗ ಹೊಸದನ್ನು ಪಡೆಯಬಹುದು, ಅದರಿಂದ ಮೂಲ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕಹಾಕಿ ತೆಗೆಯಲಾಗದು. ಸಂಸ್ಥೆಗಳಿಗೆ ಒಂದೊಂದಕ್ಕೆ ಒಂದೊಂದು ಟೋಕನ್ ಕೊಟ್ಟರೆ ಇಬ್ಬರು ತಮ್ಮ ಪಟ್ಟಿಗಳನ್ನು ಹೋಲಿಸಿದರೂ ಹೊಂದಿಕೆಯಾಗದು. ಮಾಸ್ಕ್ ಮಾಡಿದ ಆಧಾರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಇವುಗಳ ಬಳಕೆ ಇನ್ನೂ ರೂಢಿಯಾಗಿಲ್ಲ. ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಝೆರಾಕ್ಸ್ ಪ್ರತಿ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ ಎಂದು ಸೂಚಿಸಿತು. ತಪ್ಪಾಗಿ ಅರ್ಥವಾದೀತೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂದಕ್ಕೆ ಪಡೆಯಿತು. ಸಲಹೆಯ ತಿರುಳು ಮಾತ್ರ ಸರಿಯಾಗಿಯೇ ಇತ್ತು.

ಬೆರಳಚ್ಚಿನ ತೊಡಕು ಬೇರೆಯದೇ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತಿನಿಂದ ಅಚ್ಚು ಮಾಡಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ವಂಚನೆಗಳನ್ನು ಪೊಲೀಸರು ಪತ್ತೆಹಚ್ಚಿದ್ದಾರೆ. ಇಂಥದ್ದನ್ನು ತಡೆಯಲು ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಬೇಡವಾದಾಗ ಅದನ್ನು ಮುಚ್ಚಿಟ್ಟು ಬೇಕಾದಾಗ ತೆರೆಯಬಹುದು.

ವ್ಯಾಪಾರ ಸಂಸ್ಥೆಗಳ ಗುರುತಿನ ಧರ್ಮ ಇದಕ್ಕೆ ಬಹುಪಾಲು ತದ್ವಿರುದ್ಧ. ವ್ಯಕ್ತಿಗೆ ಮರೆ ಬೇಕು, ಕಂಪನಿ ಬಯಲಲ್ಲಿರಬೇಕು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ; ಕರ್ನಾಟಕದ್ದು 29. ಮುಂದಿನ ಹತ್ತು ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರ ಅದು ವ್ಯಕ್ತಿಯದೋ, ಕಂಪನಿಯದೋ, ಪಾಲುದಾರಿಕೆಯದೋ ಎಂದು ಹೇಳುತ್ತದೆ. ದೊಡ್ಡ ಕಂಪನಿಗೆ ಇದರಿಂದ ತೊಂದರೆಯಿಲ್ಲ. ಒಬ್ಬರೇ ಮಾಲೀಕರಿರುವ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾತ್ರ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗುವುದು ಮಾಲೀಕರ ಸ್ವಂತ ಪ್ಯಾನ್. ಸಣ್ಣ ವ್ಯಾಪಾರಿಗಳ ಖಾಸಗಿತನದ ಬಗ್ಗೆ ಇನ್ನೂ ಯೋಚಿಸಬೇಕಾಗಿದೆ. ಇನ್ನೊಂದು ಪ್ರಶ್ನೆ, ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬುದು. ಡಿಜಿಟಲ್ ಸಹಿಯಿರುವ ಯುಎಸ್‌ಬಿ ಟೋಕನ್ನನ್ನು ಪಾಸ್‌ವರ್ಡ್ ಸಹಿತ ಆಡಿಟರ್ ಕಚೇರಿಯಲ್ಲೇ ಬಿಟ್ಟಿರುವ ಮಾಲೀಕರು, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟವರಿಗಿಂತ ಹೆಚ್ಚಿನ ಅಪಾಯದಲ್ಲಿದ್ದಾರೆ.

ಕೇಳಿದ್ದಕ್ಕಷ್ಟೇ ಉತ್ತರಿಸುವ ವಿದ್ಯೆಯಲ್ಲಿ ಈಗ ಮುಂದಿರುವುದು ಡಿಜಿಟಲ್ ವ್ಯಾಲೆಟ್. ಯುರೋಪಿಯನ್ ಒಕ್ಕೂಟ 2024ರಲ್ಲಿ ಜಾರಿಗೆ ತಂದ ಕಾನೂನಿನಂತೆ ಸದಸ್ಯ ರಾಷ್ಟ್ರಗಳು 2026ರ ಕೊನೆಯೊಳಗೆ ತಮ್ಮ ಪ್ರಜೆಗಳಿಗೂ ಸಂಸ್ಥೆಗಳಿಗೂ ಇದನ್ನು ಒದಗಿಸಬೇಕು. ಇದರ ಹಿಂದಿನ ಉಪಾಯ ಸರಳ. ಹೆಸರು, ವಯಸ್ಸು, ವಿಳಾಸ ಒಂದೊಂದನ್ನೂ ಒಂದೊಂದು ಲಕೋಟೆಯಲ್ಲಿಟ್ಟು ಸರ್ಕಾರ ಎಲ್ಲಕ್ಕೂ ಸೇರಿಸಿ ಡಿಜಿಟಲ್ ಮುದ್ರೆ ಒತ್ತುತ್ತದೆ. ಲಕೋಟೆಗಳು ಮೊಬೈಲಿನಲ್ಲಿರುತ್ತವೆ. ಕೇಳಿದವರಿಗೆ ಒಂದನ್ನು ಮಾತ್ರ ಒಡೆದು ತೋರಿಸಿದರೂ ಮುದ್ರೆ ಅಸಲಿಯೆಂದು ಅವರು ಪರೀಕ್ಷಿಸಬಹುದು. ‘18 ದಾಟಿದ್ದಾರೆ’ ಎಂಬ ಲಕೋಟೆಯೇ ಇದ್ದರೆ ಹುಟ್ಟಿದ ದಿನವನ್ನು ಹೇಳುವ ಅಗತ್ಯವೂ ಇಲ್ಲ. ಪರೀಕ್ಷಿಸಲು ಪ್ರತಿ ಸಲ ಸರ್ಕಾರದ ಸರ್ವರನ್ನು ಕೇಳಬೇಕಾಗಿಲ್ಲವಾದ್ದರಿಂದ, ಯಾರು ಎಲ್ಲಿಗೆ ಹೋದರು ಎಂಬುದು ಸರ್ಕಾರಕ್ಕೂ ತಿಳಿಯುವುದಿಲ್ಲ. ಒಂದು ಕೊರತೆಯಿದೆ: ಒಂದೇ ಮುದ್ರೆಯನ್ನು ಎರಡು ಅಂಗಡಿಗಳಲ್ಲಿ ತೋರಿಸಿದರೆ ಆ ಮುದ್ರೆಯೇ ಜೋಡಿಸುವ ದಾರವಾಗುತ್ತದೆ. ಒಮ್ಮೆ ಮಾತ್ರ ಬಳಸುವ ಹಲವು ಪ್ರತಿಗಳನ್ನು ಕೊಡುವುದು ಒಂದು ಪರಿಹಾರ. ಮುದ್ರೆಯನ್ನೇ ತೋರಿಸದೆ ಅದು ತನ್ನಲ್ಲಿದೆ ಎಂದು ಗಣಿತದಿಂದ ಸಾಬೀತುಪಡಿಸುವುದು ಇನ್ನೂ ಉತ್ತಮವಾದದ್ದು.

ತಂತ್ರಜ್ಞಾನ ಎಷ್ಟೇ ಗಟ್ಟಿಯಾಗಿದ್ದರೂ ನಂಬಿಕೆ ಬೇರೆಯೇ ಗಳಿಕೆ. ಎಸ್ಟೋನಿಯಾದ ಪ್ರಜೆಗಳು ತಮ್ಮ ದಾಖಲೆಯನ್ನು ಯಾವ ಇಲಾಖೆ ಯಾವಾಗ ತೆರೆದು ನೋಡಿತು ಎಂಬುದನ್ನು ತಾವೇ ನೋಡಬಹುದು. 2017ರಲ್ಲಿ ಅಲ್ಲಿನ ಕಾರ್ಡುಗಳ ಚಿಪ್ಪಿನಲ್ಲಿ ದೋಷ ಕಂಡುಬಂದಾಗ ಸರ್ಕಾರ ಅದನ್ನು ಬಹಿರಂಗವಾಗಿ ಹೇಳಿ, ಸುಮಾರು 7.6 ಲಕ್ಷ ಕಾರ್ಡುಗಳ ಪ್ರಮಾಣಪತ್ರಗಳನ್ನು ತಡೆಹಿಡಿದು ಹೊಸದನ್ನು ಕೊಟ್ಟಿತು. ದೇಶದ ಜನಸಂಖ್ಯೆ ಸುಮಾರು 13 ಲಕ್ಷ.

ಕೊನೆಗೆ, ವ್ಯವಸ್ಥೆಯ ಹೊರಗೆ ಉಳಿಯುವವರು. ಕಲ್ಲು ಒಡೆದ, ಗಾರೆ ಕಲಸಿದ ಕೈಗಳ ಬೆರಳಗೆರೆ ಸವೆದಿರುತ್ತದೆ. ವಯಸ್ಸಾದಂತೆ ಎಲ್ಲರದೂ ಸವೆಯುತ್ತದೆ. ಯಂತ್ರ ‘ಇಲ್ಲ’ ಎಂದರೆ ಪಡಿತರದ ಅಕ್ಕಿ ಅಲ್ಲಿಗೇ ನಿಲ್ಲುತ್ತದೆ. ಕಣ್ಣಿನ ಪಾಪೆ, ಮುಖ, ಮೊಬೈಲಿಗೆ ಬರುವ ಒಟಿಪಿ ಪರ್ಯಾಯಗಳಾಗಿವೆ. ನೆಟ್‌ವರ್ಕ್ ಸಿಗದ ಮಲೆನಾಡಿನ ಹಳ್ಳಿಯಲ್ಲಿ, ಮೊಬೈಲ್ ಇಲ್ಲದ ಅಜ್ಜಿಯ ಮುಂದೆ ಅವೂ ಕೈಕೊಟ್ಟರೆ, ಆಕೆಯನ್ನು ಬಲ್ಲವರ ಸಾಕ್ಷಿಯ ಮೇಲೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಅಳೆದು ಕೊಡುವ ದಾರಿಯೂ ನಿಯಮದಲ್ಲಿರಬೇಕು, ಅದು ಅಂಗಡಿಯವರಿಗೂ ಗೊತ್ತಿರಬೇಕು.