ಕಚೇರಿಯ ನೌಕರಿ, ಕಾಡಿನ ಗೀಳು

ಮಿರಜ ಜಂಕ್ಷನ್ನಿನಲ್ಲಿ ರಾತ್ರಿಪಾಳಿ ಮುಗಿಸಿದ ನೌಕರನಿಗೂ ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೂ ಒಂದೇ ಬಗೆಯ ಆಸೆ ಇದ್ದೀತು. ವಾರದಲ್ಲೊಂದು ದಿನವಾದರೂ ಗುಡ್ಡಗಾಡಿಗೆ ಹೋಗಿ, ಮರದ ಬುಡದಲ್ಲಿ ಬುತ್ತಿ ಬಿಚ್ಚಿ, ಹೆಜ್ಜೆಗುರುತು ನೋಡಿ ಯಾವ ಪ್ರಾಣಿ ಹಾದುಹೋಯಿತೆಂದು ತಿಳಿಯಬೇಕೆಂಬ ಆಸೆ. ನೌಕರಿ ಬಿಟ್ಟು ಕಾಡು ಸೇರುವ ಮಾತನಾಡುವವರು ಬಹಳ. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ನೆನಪಾದೊಡನೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಎರಡನ್ನೂ ಬಿಡದೆ ಬಾಳಿದವರೊಬ್ಬರು ಇದೇ ಜಿಲ್ಲೆಯವರು. ಮರಾಠಿಯ ಹಿರಿಯ ಲೇಖಕ ವೆಂಕಟೇಶ ಮಾಡಗೂಳಕರ 1927ರಲ್ಲಿ ಆಟಪಾಡಿ ಭಾಗದ ಮಾಡಗೂಳ ಗ್ರಾಮದಲ್ಲಿ ಜನಿಸಿದರು. ಅಂದು ಅದು ಔಂಧ ಸಂಸ್ಥಾನಕ್ಕೆ ಸೇರಿತ್ತು. ಮಳೆ ಮುನಿದ ಆ ಮಾಣದೇಶದಲ್ಲಿ ದಟ್ಟ ಅರಣ್ಯವೆಲ್ಲಿಯದು? ಜಾಲಿ, ಬೋರೆ, ಕುರುಚಲು ಗುಡ್ಡಗಳೇ ಅಲ್ಲಿನ ಕಾಡು. ಅವರ ‘ಬನಗರವಾಡಿ’ ಕಾದಂಬರಿಯು ಧನಗರ ಕುರಿಗಾರರ ವಸತಿಗೆ ನೌಕರಿಯ ಮೇಲೆ ಬಂದ ತರುಣ ಮಾಸ್ತರನ ಕಥೆ. ಮುಂದೆ ಅವರು ಪುಣೆ ಆಕಾಶವಾಣಿಯ ಗ್ರಾಮೀಣ ಕಾರ್ಯಕ್ರಮ ವಿಭಾಗದಲ್ಲಿ ದೀರ್ಘಕಾಲ ದುಡಿದರು.

ಮೊದಲು ಅವರು ಬೇಟೆಗಾರರು. ಬರಬರುತ್ತ ಕೋವಿ ಹಿಂದೆ ಸರಿದು, ನೋಡುವುದು, ಬರೆಯುವುದು, ಚಿತ್ರ ಬಿಡಿಸುವುದು ಮುಂದೆ ಬಂದವು. ನೌಕರಿಯಲ್ಲಿರುವವನಿಗೆ ಈ ಬದಲಾವಣೆ ಅಗ್ಗದ್ದಲ್ಲ. ಬೇಟೆಗೆ ಒಂದು ರಾತ್ರಿ ಸಾಕಾದೀತು. ಒಂದು ಮಂಗಗಳ ಹಿಂಡನ್ನು ಅರಿಯಲು ದಿನಗಟ್ಟಲೆ ಸುಮ್ಮನೆ ಕೂರಬೇಕು. ಸಂಬಳದವನ ಬಳಿ ಇಲ್ಲದಿರುವುದು ಆ ದಿನಗಳೇ. ಆದರೂ ವಿದರ್ಭದ ನಾಗಝಿರಾ ಅರಣ್ಯದ ವಾಸ ಅವರಿಗೆ ಒಂದು ಪುಸ್ತಕವನ್ನೇ ಕೊಟ್ಟಿತು. ಮುಸುವಗಳ ಹಿಂಡಿನಲ್ಲಿ ನಡೆಯುವ ಅಧಿಕಾರದ ಕಾದಾಟವನ್ನು ಚಿತ್ರಿಸಿದ ‘ಸತ್ತಾಂತರ’ ಕೃತಿಗೆ 1983ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅದೇ ಸಂಗತಿಯನ್ನು ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ 1960ರ ದಶಕದಲ್ಲಿ ನಮ್ಮ ಧಾರವಾಡದ ಸುತ್ತಲಿನ ಕಾಡಿನಲ್ಲಿ ಕಂಡು ಜಗತ್ತಿಗೆ ತಿಳಿಸಿದ್ದರೆಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಆದರೆ ಸುಗಿಯಾಮಾ ಅವರಿಗೆ ಕಾಡೇ ನೌಕರಿಯಾಗಿತ್ತು. ಮಾಡಗೂಳಕರರಿಗೆ ಆ ಭಾಗ್ಯವಿರಲಿಲ್ಲ.

ಭಾನುವಾರವೊಂದೇ ಕೈಯಲ್ಲಿರುವವರಿಗೆ ಸಾಗರೇಶ್ವರ ಅಭಯಾರಣ್ಯವಿದೆ. ಧೋಂಡಿರಾಮ ಮೋಹಿತೆಯವರ ಛಲದಿಂದ ಬೋಳುಗುಡ್ಡದ ಮೇಲೆ ಬೆಳೆದ ಈ ಕಾಡಿಗೆ 1985ರಲ್ಲಿ ಅಭಯಾರಣ್ಯದ ಮಾನ್ಯತೆ ದೊರೆಯಿತು. ವಿಸ್ತಾರ ಹನ್ನೊಂದು ಚದರ ಕಿಲೋಮೀಟರಿಗೂ ತುಸು ಕಡಿಮೆ. ಚುಕ್ಕೆಜಿಂಕೆ, ಕಡವೆ, ಕೃಷ್ಣಮೃಗಗಳಿವೆ. ನೋಡಲು ಇದು ಸಾಕು. ಕೊಡಲಿ, ಕಡ್ಡಿಪೆಟ್ಟಿಗೆ ಹಿಡಿದು ವನವಾಸದ ವಿದ್ಯೆ ಕಲಿಯಲು ಹೊರಟವರು ಮಾತ್ರ ಬೇರೆಡೆ ಹೋಗಬೇಕು. ಅಭಯಾರಣ್ಯದಲ್ಲಿ ಗಿಡ ಕಡಿಯುವುದನ್ನೂ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ.

ಆ ವಿದ್ಯೆಯ ಗುರುಗಳು ಊರ ಹೊರಗೇ ಸಿಗುತ್ತಾರೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ ಧನಗರರು ಮೂರು ಕಲ್ಲಿನ ಒಲೆ ಹೂಡುತ್ತಾರೆ, ಕಂಬಳಿಯೊಂದರಲ್ಲೇ ಚಳಿ ಮಳೆ ಕಳೆಯುತ್ತಾರೆ, ನಾಯಿಯ ಬೊಗಳಿನಿಂದಲೇ ತೋಳ ಬಂತೆಂದು ಅರಿಯುತ್ತಾರೆ. ಬದುವಿನ ಮೇಲೆ ಕುಳಿತು ಕೇಳಿದರೆ ಹೇಳಿಕೊಡುತ್ತಾರೆ. ಅವರಿಗೆ ಭಾನುವಾರದ ರಜೆಯಿಲ್ಲ.